ಬಂಗುಡೆಗೆ ಬೂತಾಯಿ ದರ ಹಾಕಿದ ಕ್ಯಾಲ್ಕುಲೇಟರ್

ಗೆಳೆಯರೇ, ಕ್ಯಾಲ್ಕುಲೇಟರ್ ಕಂಡುಹಿಡಿದವನು ಮಗ್ಗಿ ಕಲಿತದ್ದೇ ನನ್ನ ಹತ್ತಿರ. ಆದರೂ ಇಂದು ಮೊಬೈಲಿನ ಆನ್‌ಲೈನ್ ಕ್ಯಾಲ್ಕುಲೇಟರ್ ನನ್ನ ಮಾನ ತೆಗೆಯಿತು. ಬೆಳಿಗ್ಗೆ ಮೀನು ಮಾರಲು ಕೂತು ಅದರಲ್ಲಿ ‘ಎ’ ಎಂದರೆ ಬಂಗುಡೆ ಮೀನಿನ ಕಿಲೋ ದರ, ಇನ್ನೂರ ಹತ್ತು ಎಂದು ಬರೆದಿಟ್ಟೆ. ಆಮೇಲೆ ಅಗ್ಗದ ಬೂತಾಯಿ ಮೀನಿನ ನೂರ ಮೂವತ್ತನ್ನೂ ಅದೇ ‘ಎ’ಗೆ ಕೊಟ್ಟೆ. ಮೊದಲಿನದನ್ನು ಅಳಿಸುವಾಗ ಆ ದರಿದ್ರ ನನ್ನನ್ನು ಒಂದು ಮಾತು ಕೇಳಲಿಲ್ಲ!

ಕೋಟದ ಹೋಟೆಲಿನವರು ಇಪ್ಪತ್ನಾಲ್ಕು ಕಿಲೋ ಬಂಗುಡೆ ಕೊಂಡು, ನಾನು ‘ಎ’ಯಿಂದ ಗುಣಿಸಿ ತೋರಿಸಿದ ಮೊತ್ತ ನೋಡಿ, “ಹ್ವಾಯ್, ಇಷ್ಟೇಯಾ? ಇನ್ನೊಂದ್ ಸಲ ಕಾಣಿ” ಎಂದರು.

“ಮಿಷನ್ ಲೆಕ್ಕ ತಪ್ಪುತ್ತಾ ಮಾರಾಯ್ರೆ?” ಎಂದು ನಾನೇ ಗದರಿದೆ.

ಅವರು ಹೋದ ಮೇಲೆ ಹೆಂಡತಿ ಹಣ ನೋಡಿ, “ಬಂಗ್ಡಿಗೆ ಬೂತಾಯಿ ರೇಟಾ? ನಿಮ್ಗೆ ಮಂಡೆ ಸಮ ಇಲ್ಯಾ?” ಎಂದಳು.

ಮೀನು ಮಾರ್ಕೆಟ್ಟಿನಲ್ಲಿ ಎಲ್ಲರಿಗೂ ಇನ್ನೂರು ರೂಪಾಯಿ ಮಾತ್ರ ಹೋಯಿತು ಎಂದಿದ್ದೇನೆ. ಕಮೆಂಟಿನಲ್ಲಿ ಅವಳು ಬರೆಯುವ ಮೊದಲು ನಾನೇ ಹೇಳಿಬಿಡುತ್ತೇನೆ: ನಿಜವಾಗಿ ಹೋದದ್ದು ಸಾವಿರದ ಒಂಬೈನೂರ ಇಪ್ಪತ್ತು.