ಮನೆ ಸೇರಿದವರ ದಾಳ

ನಿನ್ನೆ ಆಟದ ಡಬ್ಬಿ ತೆರೆದಾಗ ಮೊದಲು ಕೈಗೆ ಸಿಕ್ಕಿದ್ದು ಆ ಬಿಳಿ ಗುಂಡಿ. ಆಸ್ಪತ್ರೆಯ ಕೋಟಿನಿಂದ ಕಿತ್ತುಬಂದದ್ದು. ಆಟದ ಕಾಯಿಯೊಂದು ಕಳೆದುಹೋದ ದಿನ, “ಇದೇ ನನ್ನ ಕಾಯಿ” ಎಂದು ಡಾಕ್ಟರಮ್ಮ ಅದನ್ನು ಜೇಬಿನಿಂದ ತೆಗೆದಿಟ್ಟಿದ್ದರು...

ಮಲೇಷ್ಯಾದ ನಿಲಾಯ್‌ನಲ್ಲಿ ಅವರು ನಮ್ಮ ಎದುರು ಮನೆಯವರು. ಉಡುಪಿಯ ಕಡೆಯವರು, ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದರು. ವಿದ್ಯಾರ್ಥಿಗಳು ಅವರಿಗೆ ಹೆದರುತ್ತಿದ್ದರಂತೆ. ನಾನೂ ಸ್ವಲ್ಪ ಹೆದರುತ್ತಿದ್ದೆ.

ಆಗ ನಾನೊಂದು ಬೋರ್ಡ್ ಗೇಮ್ ಮಾಡುತ್ತಿದ್ದೆ. ವಿಮಾನ ನಿಲ್ದಾಣದಿಂದ ಹೊರಟು ಮಳೆ, ಟ್ರಾಫಿಕ್ಕು, ಟೋಲು ದಾಟಿ ಮನೆ ಸೇರಬೇಕು. ಮೊದಲು ಸೇರಿದವರು ಗೆದ್ದಂತೆ. ಭಾನುವಾರ ಮಧ್ಯಾಹ್ನ ಡಾಕ್ಟರಮ್ಮನನ್ನೂ ಅಲ್ಲೇ ಇದ್ದ ಬೆಂಗಳೂರಿನ ಗೆಳತಿಯರಿಬ್ಬರನ್ನೂ ಕೂರಿಸಿ ಆಡಿಸುತ್ತಿದ್ದೆ. ತಮಿಳು ಮುಸ್ಲಿಮರ ಮಾಮಕ್ ತಿಂಡಿ ಅಂಗಡಿಯಿಂದ ಕಟ್ಟಿಸಿಕೊಂಡು ತಂದ, ಪರೋಟದಂಥ ರೊಟ್ಟಿ ಚಾನಾಯ್ ಲಂಚ. ಉಂಡ ಋಣಕ್ಕೆ ಗೆಳತಿಯರು ‘ಚೆನ್ನಾಗಿದೆ’ ಎನ್ನುತ್ತಿದ್ದರು. ಆದರೆ ಮನೆ ಸೇರಿದವರು ಫೋನ್ ಹಿಡಿಯುತ್ತಿದ್ದರು, ಉಳಿದವರು ಆಕಳಿಸುತ್ತಿದ್ದರು. ಹೆತ್ತವರಿಗೆ ಹೆಗ್ಗಣ ಮುದ್ದು, ನಿಜ. ಆದರೂ ನನ್ನ ಹೆಗ್ಗಣ ಸಾಯುತ್ತಿರುವುದು ನನಗೇ ಕಾಣುತ್ತಿತ್ತು. ಇನ್ನೊಮ್ಮೆ ಹೀಗೇ ಆದರೆ ಬೋರ್ಡನ್ನು ಕಸಕ್ಕೆ ಹಾಕುವುದೆಂದುಕೊಂಡೆ.

ಮುಂದಿನ ಭಾನುವಾರವೂ ಡಾಕ್ಟರಮ್ಮನೇ ಮೊದಲು ಮನೆ ಸೇರಿದರು. ಸ್ವಲ್ಪ ಹೊತ್ತು ಫ್ಯಾನ್ ನೋಡುತ್ತ ಕೂತರು.

“ಇದೆಂತ ಆಟ ಮಾರಾಯ್ತಿ? ನಾನು ಬಂದು ಬಾಗಿಲು ಹಾಕಿ ಕೂರುದಾ? ಇವಳು ಅಲ್ಲಿ ಟೋಲಲ್ಲಿ ಸಿಕ್ಕಿಬಿದ್ದಿದ್ದಾಳಲ್ಲ, ಅವಳು ಬರುದು ಬೇಡ್ವಾ?”

ನನ್ನ ಮುಖ ಸಪ್ಪಗಾಯಿತು. ಅವರು ಅದನ್ನು ಗಮನಿಸಲೂ ಇಲ್ಲ. ದಾಳ ಎತ್ತಿಕೊಂಡು, ಹಿಂದೆ ಬಿದ್ದಿದ್ದ ಗೆಳತಿಗಾಗಿ ತಾವೇ ಉರುಳಿಸಿದರು. ಐದು ಬಿತ್ತು.

“ಇನ್ನೊಂದ್ ಸಲ ಹಾಕಿ ಆಂಟಿ, ಪ್ಲೀಸ್ ಲಾ!” ಎಂದು ಅವಳು ಕೂಗಿದಳು.

ಫೋನುಗಳು ಕೆಳಗಿಳಿದವು. ಮೊದಲು ಮನೆ ಸೇರಿದವರು ಹಿಂದಿರುವವರಿಗಾಗಿ ದಾಳ ಹಾಕಬೇಕು, ಕೊನೆಯವರು ಬಂದ ಮೇಲೇ ಆಟ ಮುಗಿಯಬೇಕು... ನನ್ನ ಆಟಕ್ಕೆ ಜೀವ ಬಂದದ್ದು ಹಾಗೆ.

ಹೋದ ವರ್ಷ ಡಾಕ್ಟರಮ್ಮ ತೀರಿಕೊಂಡರು. ಕಾಯಿಲೆಯ ಸುದ್ದಿಯನ್ನು ನಮಗೆ ಹೇಳಿರಲೇ ಇಲ್ಲ. ನನಗೆ ಅವರ ಮೇಲೆ ಇನ್ನೂ ಸಿಟ್ಟಿದೆ.

ಅವರು ಹೋದ ಮೇಲೆ ನಾವು ಮೂವರೂ ಮತ್ತೆ ಆಡಲು ಕೂತದ್ದು ನಿನ್ನೆಯೇ ಮೊದಲು. ಗುಂಡಿಯನ್ನು ಏನು ಮಾಡುವುದೆಂದು ನನಗೆ ತೋಚಲಿಲ್ಲ. ಒಬ್ಬಳು ಅದನ್ನೆತ್ತಿ ಮನೆಯ ಚೌಕದಲ್ಲಿಟ್ಟು, “ಆಂಟಿ ಆಗ್ಲೇ ರೀಚ್ ಆಗಿದ್ದಾರೆ, ಬಿಡು” ಎಂದಳು.

ಆಟ ಸಾಗಿತು. ಟೋಲಿನಲ್ಲಿ ಸಿಕ್ಕಿಬಿದ್ದು ಹಿಂದುಳಿದವಳು ನಾನು. ನನಗಾಗಿ ದಾಳ ಹಾಕಬೇಕಾದವರು ಮೊದಲು ಮನೆ ಸೇರಿದವರು. ಗೆಳತಿಯರಿಬ್ಬರೂ ನನ್ನ ಮುಖ ನೋಡಿದರು. ನಾನು ದಾಳವನ್ನು ಗುಂಡಿಯ ಪಕ್ಕದಲ್ಲಿಟ್ಟೆ. ತುಂಬ ಹೊತ್ತು ಯಾರೂ ಅದನ್ನು ಮುಟ್ಟಲಿಲ್ಲ.