ಮಾಳಿಗೆಯ ಬಿಸಿಲಿಗಿಟ್ಟ ಎಂಜಿನ್

ಸಿಟ್ಟು ಬಂದರೆ ಇರ್ಫಾನಾ ಮಾತು ನಿಲ್ಲಿಸುತ್ತಿದ್ದಳು. ಸಿರುಗುಪ್ಪದಿಂದ ಬಳ್ಳಾರಿಗೆ ಸೊಸೆಯಾಗಿ ಬಂದ ಐದು ವರ್ಷದಲ್ಲಿ ಅವಳ ಗಂಡ ಹುಸೇನಬಾಷಾ ಇದನ್ನು ಚೆನ್ನಾಗಿ ಕಲಿತಿದ್ದ. ಹೆಂಡತಿ ಬೈಯುತ್ತಿದ್ದರೆ ಚಿಂತೆಯಿಲ್ಲ. ಸುಮ್ಮನಾದಳೆಂದರೆ ಚಪ್ಪಲಿ ಮೆಟ್ಟಿಕೊಂಡು ಬೀದಿಗಿಳಿಯುವುದು ಕ್ಷೇಮ. ಆ ಬೇಸಿಗೆಯಲ್ಲಿ ಅವಳು ಮೂರು ದಿನ ಸುಮ್ಮನಿದ್ದಳು.

ಕಾರಣ ಮೈದುನ ದಾದಾಪೀರ್. ಅದಿರಿನ ಯಾರ್ಡಿನಲ್ಲಿ ಲಾರಿ ನಂಬರ್ ಬರೆದುಕೊಳ್ಳುವ ಕೆಲಸ ಅವನದು. ಹೊಸ ಬೈಕು, ಕೊರಳಲ್ಲಿ ಸರ, ಹೊತ್ತು ಮುಳುಗಿದರೂ ತೆಗೆಯದ ಕಪ್ಪು ಕನ್ನಡಕ. ಅಣ್ಣನನ್ನೂ ಅದೇ ಯಾರ್ಡಿಗೆ ಸೇರಿಸುತ್ತೇನೆಂದು ಅವಳು ಬಡಿಸಿದ ರೊಟ್ಟಿ ಮುರಿಯುತ್ತಲೇ ಹೇಳಿದ. ಹುಸೇನಬಾಷಾ ಹಿಂದೊಮ್ಮೆ ಅಲ್ಲಿ ಒಂದು ತಿಂಗಳು ದುಡಿದಿದ್ದ. ಕೆಮ್ಮಿದಾಗಲೆಲ್ಲ ಟವೆಲ್ಲು ಕೆಂಪಾಗುತ್ತಿತ್ತು. ರಕ್ತವೆಂದು ಹೆದರಿ ದವಾಖಾನೆಗೆ ಓಡಿದರೆ, ಡಾಕ್ಟರು ಬೆಳಕಿಗೆ ಹಿಡಿದು ನೋಡಿ, ಇದು ಅದಿರಿನ ಧೂಳಮ್ಮ, ಇನ್ನೊಂದು ವರ್ಷ ಅಲ್ಲಿದ್ದರೆ ರಕ್ತವೂ ಬಂದೀತು ಎಂದಿದ್ದರು. ಇದೆಲ್ಲ ದಾದಾಪೀರನಿಗೆ ಗೊತ್ತಿತ್ತು. ಗೊತ್ತಿದ್ದೂ ಕರೆದನಲ್ಲ ಎಂಬುದೇ ಅವಳ ಎದೆಯಲ್ಲಿ ಕುದಿಯುತ್ತಿತ್ತು.

ಯಾರ್ಡು ಬಿಟ್ಟ ಮೇಲೆ ಹುಸೇನಬಾಷಾ ಓಬಳೇಶನ ಜೀನ್ಸ್ ಕಾರ್ಖಾನೆಯಲ್ಲಿ ಪ್ಯಾಂಟು ಹೊಲಿಯುತ್ತಿದ್ದ. ಓಬಳೇಶ ಈಗ ಹೊಸ ಮಿಷನ್ ತರಿಸಿ ನಾಲ್ಕು ಜನರನ್ನು ಬಿಡಿಸುವವನಿದ್ದ. ಆ ನಾಲ್ವರಲ್ಲಿ ಇವನೂ ಒಬ್ಬ. ಒಂದೇ ದಾರಿ ಉಳಿದಿತ್ತು. ಹೊಲಿದ ಪ್ಯಾಂಟುಗಳ ಗಂಟುಗಳು ಕುರುಗೋಡಿಗೆ ಹೋಗುತ್ತಿದ್ದವು, ಅಲ್ಲಿನ ಹೆಂಗಸರು ಮನೆಯಲ್ಲೇ ಕೂತು ದಾರ ಕತ್ತರಿಸಿ ಗುಂಡಿ ಹಚ್ಚುತ್ತಿದ್ದರು. ಗಂಟು ಒಯ್ಯುವ ಟೆಂಪೋದವನು ಹೆಚ್ಚಿನ ದುಡ್ಡಿನಾಸೆಗೆ ಅದಿರು ಹೊರಲು ಹೋಗಿಬಿಟ್ಟಿದ್ದ. ಸ್ವಂತ ಗಾಡಿ ಇದ್ದರೆ ಮುಂದಿನ ತಿಂಗಳ ಮೊದಲ ಸೋಮವಾರದಿಂದ ಕುರುಗೋಡಿನ ಲೈನು ನಿನಗೆ, ಇಲ್ಲದಿದ್ದರೆ ಬೇರೆಯವರಿಗೆ ಎಂದ ಓಬಳೇಶ. ಸೋಮವಾರಕ್ಕೆ ಹತ್ತೊಂಬತ್ತು ದಿನವಿತ್ತು.

ನಾಲ್ಕನೇ ದಿನ ಇರ್ಫಾನಾ ಬಾಯಿ ಬಿಟ್ಟಳು. ಸಿರುಗುಪ್ಪದಲ್ಲಿ ಅಪ್ಪನ ರಾಜದೂತ್ ಬೈಕು ಇದೆ, ತರೋಣ ಎಂದಳು.

ಅವಳಪ್ಪ ಮಹಮ್ಮದ್ ಗೌಸ್ ಬೇವಿನ ಮರದ ಕೆಳಗೆ ಮೂವತ್ತು ವರ್ಷ ಗಾಡಿ ರಿಪೇರಿ ಮಾಡಿದವನು. ಕಣ್ಣು ಮಂಜಾದ ಮೇಲೆ ಸ್ಪ್ಯಾನರ್‌ಗಳನ್ನು ಒರೆಸಿ ಗೋಣಿಯಲ್ಲಿ ಸುತ್ತಿಟ್ಟಿದ್ದ. ಹಿತ್ತಲಲ್ಲಿ ಅವನ ರಾಜದೂತಿನ ಸೀಟು ಕಿತ್ತುಹೋಗಿ, ಆ ಜಾಗದಲ್ಲಿ ಕೋಳಿ ತತ್ತಿ ಇಡುತ್ತಿತ್ತು. ತೌಡಿನ ಚೀಲ ಹೇರಿಕೊಂಡು ಬರುವ ಟೆಂಪೋದಲ್ಲಿ ಗಾಡಿ ಬಳ್ಳಾರಿಗೆ ಬಂತು.

ಬಳ್ಳಾರಿಯ ಮೆಕ್ಯಾನಿಕರೆಲ್ಲ ಆಗ ಲಾರಿಗಳ ಕೆಳಗೆ ಮಲಗಿದ್ದರು. ಹಳೆಯ ರಾಜದೂತ್ ಎಂದರೆ ತಲೆ ಹೊರಗೆ ಹಾಕಿ ನೋಡುವವರೂ ಇರಲಿಲ್ಲ. ಹಾಗಾಗಿ ಅಂಗಳದಲ್ಲಿ ಗೋಣಿ ಹಾಸಿ ಅವಳೇ ಬಿಚ್ಚಿದಳು. ಫ್ರಾಕು ತೊಡುವ ವಯಸ್ಸಿನಿಂದ ಅಪ್ಪನಿಗೆ ಸಾಮಾನು ತೊಳೆದುಕೊಟ್ಟ ಕೈ ಅದು. ಟ್ಯಾಂಕಿನ ತುಕ್ಕಿಗೆ ಹುಣಸೆಹಣ್ಣಿನ ನೀರು ತುಂಬಿ ಎರಡು ದಿನ ಬಿಟ್ಟಳು. ಆಮೇಲೆ ಅದಕ್ಕೆ ಕಡಿಕಲ್ಲು ಹಾಕಿ ಗಲಗಲ ಕುಲುಕಿದಾಗ ಎರಡು ವರ್ಷದ ಮಗಳು ಕುಣಿದಳು. ಚೈನು ಗುಜರಿಯಿಂದ ಬಂತು. ಸೀಟಿಗೆ ಹುಸೇನಬಾಷಾ ಜೀನ್ಸ್ ತುಂಡುಗಳನ್ನು ಕೂಡಿಸಿ ಎರಡೆರಡು ಹೊಲಿಗೆ ಹಾಕಿ ಕವರು ಹೊಲಿದ. ಬೇಡವೆಂದರೂ ಒಂದು ಜೇಬು ಇಟ್ಟ.

ಎಂಜಿನ್ ಮಾತ್ರ ಅಪ್ಪನ ಪದ್ಧತಿಯಲ್ಲೇ ಮಾಡಿದಳು. ಸೀಮೆಎಣ್ಣೆಯಲ್ಲಿ ತೊಳೆಯುವುದು, ಪಿಸ್ಟನ್ ಓಡಾಡುವ ಕೊಳವೆಯಾದ ಬೋರಿಗೂ ಪಿಸ್ಟನ್ನಿಗೂ ರಿಂಗುಗಳಿಗೂ ಆಯಿಲ್ ಸವರುವುದು, ಮಾಳಿಗೆಯ ಮೇಲೆ ತೆಳು ಬಟ್ಟೆ ಮುಚ್ಚಿ ದಿನವಿಡೀ ಬಿಸಿಲಿಗಿಡುವುದು. ಕಾದ ಕಬ್ಬಿಣ ಎಣ್ಣೆ ಕುಡಿಯುತ್ತದೆ, ಒರೆಸದೆ ಹಾಗೇ ಜೋಡಿಸಬೇಕು ಎಂಬುದು ಮಹಮ್ಮದ್ ಗೌಸನ ನಂಬಿಕೆ. ಸಿರುಗುಪ್ಪದಲ್ಲಿ ಹಾಗೆ ಜೋಡಿಸಿದ ಯಾವ ಗಾಡಿಯೂ ತಿರುಗಿ ಬಂದಿರಲಿಲ್ಲ.

ಮೂರನೇ ಕಿಕ್ಕಿಗೆ ಗಾಡಿ ಎದ್ದಿತು. ಓಣಿಯವರೆಲ್ಲ ಹೊರಗೆ ಬಂದರು. ಹುಸೇನಬಾಷಾ ಅವಳನ್ನು ಹಿಂದೆ ಕೂರಿಸಿಕೊಂಡು ಕುರುಗೋಡಿನ ದಾರಿ ಹಿಡಿದ. ಕೊಳಗಲ್ಲಿನ ಹತ್ತಿರ ಎಂಜಿನ್ ಕರಕರ ಎಂದು ಕೂಗಿ, ಗಕ್ಕನೆ ಕಚ್ಚಿಕೊಂಡು ನಿಂತಿತು. ಅಲ್ಲಿಂದ ಮನೆಯ ತನಕ ತಳ್ಳಿದರು. ಪಕ್ಕದಲ್ಲಿ ಹಾಯ್ದ ಒಂದೊಂದು ಲಾರಿಯೂ ಒಂದೊಂದು ಹಿಡಿ ಕೆಂಪು ಧೂಳನ್ನು ಮುಖಕ್ಕೆ ಎರಚಿತು.

ಬಾಗಿಲಲ್ಲಿ ದಾದಾಪೀರ್ ನಿಂತಿದ್ದ. "ಅತ್ತಿಗೀ, ಕೋಳಿ ತತ್ತಿ ಇಡಾಕ ಚಲೋ ಇತ್ತಲ್ಲ ಅದು. ಸುಮ್ನ ಮಲಗಿದ್ದನ್ನ ಯಾಕ ಎಬ್ಬಿಸಿದ್ರಿ? ಅಣ್ಣನ್ನ ಸೋಮಾರದಿಂದ ಕಳಸ್ರಿ ಯಾರ್ಡಿಗೆ."

ಇರ್ಫಾನಾ ಉತ್ತರ ಕೊಡಲಿಲ್ಲ. ಹುಸೇನಬಾಷಾ ಹೆಂಡತಿಯ ಮುಖ ನೋಡಿ, ತಮ್ಮನನ್ನೂ ಕರೆದುಕೊಂಡು ಬೀದಿಗಿಳಿದ.

ಮರುದಿನ ಬಸ್ಸಿನಲ್ಲಿ ಅಪ್ಪ ಬಂದ. ಕಣ್ಣಿಗೆ ಕಾಣದ್ದರಿಂದ ಬೋರಿನೊಳಗೆ ಬೆರಳಾಡಿಸಿ ನೋಡಿದ. ಉದ್ದುದ್ದ ಗೀರುಗಳು. ಬೆರಳಿಗೆ ಹತ್ತಿದ ಎಣ್ಣೆಯನ್ನು ಹೆಬ್ಬೆರಳಿನಿಂದ ತಿಕ್ಕಿ ನೋಡಿ, ಎಲ್ಲಿ ಒಣಗಿಸಿದೆ ಎಂದು ಕೇಳಿದ.

"ಮಾಳಿಗಿ ಮ್ಯಾಲ. ನೀ ಮಾಡತಿದ್ದಂಗ ಮಾಡೀನಪ್ಪ."

ಮುದುಕ ಬೆರಳನ್ನು ಗೋಣಿಗೆ ಒರೆಸಿಕೊಂಡ. "ಸಿರುಗುಪ್ಪದಾಗ ಮಾಳಿಗಿ ಮ್ಯಾಲ ಬಿಸಿಲು ಬೀಳತೈತಿ. ಇಲ್ಲಿ ಕಬ್ಬಿಣ ಬೀಳತೈತವ್ವ. ಎಣ್ಣಿಯಾಗ ಕುಂತೈತಿ. ಉಸುಕಿನ ಕಾಗದ ಹಾಕಿ ತಿಕ್ಕಿದಂಗ ತಿಂದೈತಿ."

ಇರ್ಫಾನಾ ಮಾಳಿಗೆ ಹತ್ತಿದಳು. ದಿನಕ್ಕೆರಡು ಸಲ ಗುಡಿಸುವ ಮಾಳಿಗೆ ಅದು. ಮಗಳ ಬಟ್ಟೆ ಝಾಡಿಸಿಯೇ ಒಳಗೆ ತರುವವಳು, ಹಾಲಿನ ಪಾತ್ರೆಗೆ ಎರಡು ಮುಚ್ಚಳ ಹಾಕುವವಳು, ಎಂಜಿನ್ನಿನ ಹೊತ್ತಿಗೆ ಮಾತ್ರ ಬಳ್ಳಾರಿಯನ್ನು ಮರೆತಿದ್ದಳು. ತನ್ನ ಮೇಲೆ ಬಂದ ಸಿಟ್ಟು ಎಲ್ಲಕ್ಕಿಂತ ಕೆಟ್ಟದಾಗಿತ್ತು. ಅದನ್ನು ಯಾರಿಗೂ ತೋರಿಸಲಾಗದೆ ನಾಲ್ಕು ಮೂಲೆ ಗುಡಿಸಿದಳು. ಒಂದು ಮೊರದ ತುಂಬ ಕೆಂಪು ಧೂಳು ಬಂತು.

ಸೋಮವಾರಕ್ಕೆ ನಾಲ್ಕೇ ದಿನ. ಗೀರು ಬಿದ್ದ ಬೋರನ್ನು ಅಗಲವಾಗಿ ಕೊರೆಸಿ ದೊಡ್ಡ ಪಿಸ್ಟನ್ ಹಾಕಬೇಕು. ಮದುವೆಯ ಕಾಲುಂಗುರ ಮಾರಿ ಪಿಸ್ಟನ್ ತಂದಳು, ಅದಕ್ಕೇನೂ ಅಳಲಿಲ್ಲ. ಬೋರು ಕೊರೆಯುವ ಲೇಥ್ ಅಂಗಡಿಯ ರಂಗಣ್ಣ ಮಾತ್ರ ಮೂರು ವಾರ ಆಗುತ್ತದೆ, ಮುಂದೆ ಹದಿನಾಲ್ಕು ಲಾರಿಗಳ ಕೆಲಸವಿದೆ ಎಂದ. ಅವಳು ಮಗಳನ್ನು ಕಂಕುಳಿಂದ ಇಳಿಸಿ, ಬೋರಿಂಗ್ ಮಿಷನ್ನಿನ ಪಕ್ಕದಲ್ಲೇ ನೆಲಕ್ಕೆ ಕೂತಳು. ಬೆಳಿಗ್ಗೆ ಕೂತವಳು ಮಧ್ಯಾಹ್ನವಾದರೂ ಏಳಲಿಲ್ಲ. ಕೆಲಸದವರು ಅವಳನ್ನು ಸುತ್ತಿ ಬಳಸಿ ಓಡಾಡಿದರು.

"ತಂಗಿ, ನಾ ಲಾರಿ ಮಾಲಕರಿಗೆ ಏನ್ ಹೇಳಬೇಕು?" ಎಂದ ರಂಗಣ್ಣ ಕೊನೆಗೆ.

"ನನ್ನ ಗಂಡನ ಎದಿಯಾಗ ಇರೋದೂ ಅವರ ಧೂಳ, ಈ ಬೋರು ತಿಂದಿದ್ದೂ ಅವರ ಧೂಳ. ಒಂದೆರಡು ತಾಸು ಅವರೂ ಕಾಯಲಿ ಅಂತ ಹೇಳ್ರಿ."

ರಂಗಣ್ಣ ಅವಳನ್ನು ನೋಡಿದ. ಮಗು ನೆಲದ ಮೇಲಿದ್ದ ಕಬ್ಬಿಣದ ಹೊಳೆಯುವ ಸುರುಳಿಗೆ ಕೈ ಚಾಚುತ್ತಿತ್ತು. "ಮೊದ್ಲ ಕೂಸನ್ನ ಎತ್ಗೋ, ಕೈ ಕೊಯ್ಕಂತೈತಿ" ಎಂದು ಗದರಿ, ಬೋರಿಗಾಗಿ ಕೈ ನೀಡಿದ.

ಕೊರೆದುಕೊಟ್ಟ ಮೇಲೆ ಒಂದು ಮಾತು ಹೇಳಿದ. ಹೊಸ ಬೋರು ಪಳಗುವವರೆಗೆ, ಐನೂರು ಕಿಲೋಮೀಟರ್ ತನಕ, ಮೂವತ್ತರ ಮೇಲೆ ಓಡಿಸಕೂಡದು. ಓಡಿಸಿದರೆ ಮತ್ತೆ ಕಚ್ಚುತ್ತದೆ, ಆಗ ನನ್ನ ಹತ್ತಿರ ಬರಬೇಡ.

ಎಂಜಿನ್ನನ್ನು ಈ ಸಲ ಮಗಳ ಸೊಳ್ಳೆಪರದೆಯೊಳಗೆ ಜೋಡಿಸಿದರು. ಕಿಟಕಿ ಮುಚ್ಚಿ, ಬಾಗಿಲಿಗೆ ಹಸಿ ಚಾದರ ಕಟ್ಟಿ, ಪರದೆಯೊಳಗೆ ಇರ್ಫಾನಾ ಮತ್ತು ಅವಳಪ್ಪ ಎದುರುಬದುರು ಕೂತರು. ಮುದುಕ ಬೆರಳಿನಿಂದ ತಡವಿ ಹೇಳುತ್ತಿದ್ದ, ಅವಳು ಕೂರಿಸಿ ಬಿಗಿಯುತ್ತಿದ್ದಳು. ಹುಸೇನಬಾಷಾ ಹೊರಗಿನಿಂದ ಧೂಳು ಹೊತ್ತು ಬಂದವನೆಂದು ಅವನಿಗೆ ಒಳಗೆ ಪ್ರವೇಶವಿರಲಿಲ್ಲ. ಬಾಗಿಲಾಚೆ ಮಗಳನ್ನು ಮಡಿಲಲ್ಲಿಟ್ಟುಕೊಂಡು, ಹೆರಿಗೆ ಕೋಣೆಯ ಹೊರಗೆ ಕೂತಂತೆ ಆಗಾಗ ಏನಾಯಿತೆಂದು ಕೇಳುತ್ತಿದ್ದ.

ಸೋಮವಾರ ಬೆಳಿಗ್ಗೆ ಓಬಳೇಶ ಗಾಡಿಯನ್ನು ಒಮ್ಮೆ ಸುತ್ತಿ ನೋಡಿ ನಕ್ಕ. ಹನ್ನೊಂದರೊಳಗೆ ಗಂಟು ಕುರುಗೋಡು ಮುಟ್ಟಬೇಕು, ತಡವಾದರೆ ಹೆಂಗಸರು ಬೇರೆ ಕೆಲಸಕ್ಕೆ ಹೋಗಿಬಿಡುತ್ತಾರೆ, ಆಮೇಲೆ ನಾಳೆಯಿಂದ ಬರುವುದೇ ಬೇಡ ಎಂದ. ಇರ್ಫಾನಾ ಮಗಳನ್ನು ಅಪ್ಪನ ಹತ್ತಿರ ಬಿಟ್ಟು, ಗಂಟುಗಳನ್ನು ಹಿಡಿದುಕೊಳ್ಳಲು ಹಿಂದೆ ಕೂತಳು.

ಊರು ದಾಟಿದ ಮೇಲೆ ರಸ್ತೆಯ ಎರಡೂ ಅಂಚು ಕುಸಿದುಹೋಗಿತ್ತು. ಎದುರಿಗೆ ಅದಿರಿನ ಲಾರಿಗಳ ಸಾಲು. ಹಿಂದಿನಿಂದ ಬಂದ ಲಾರಿಗೆ ಮುಂದೆ ಹೋಗಲು ದಾರಿಯಿಲ್ಲ. ಹಾರನ್ ಹೊಡೆಯಿತು. ಅದರ ಹಿಂದೆ ಇನ್ನೊಂದು ಬಂತು, ಮತ್ತೊಂದು ಬಂತು. ಹುಸೇನಬಾಷಾನ ಕೈ ಎಕ್ಸಿಲರೇಟರ್ ಮೇಲೆ ಬಿಗಿಯಾಯಿತು.

"ಮೂವತ್ತು" ಎಂದಳು ಅವಳು.

"ಮೈಮ್ಯಾಲ ಬರಾಕತ್ತಾನ ನೋಡು."

"ಬರಂಗಿಲ್ಲ. ಬೈತಾನಷ್ಟ. ಮೂವತ್ತರಾಗ ಹೋಗ್ರಿ."

ಚಾಲಕ ತಲೆ ಹೊರಗೆ ಹಾಕಿ ತೆಲುಗಿನಲ್ಲಿ ಇಬ್ಬರ ಮನೆತನವನ್ನೂ ಬೈದ. ತಿರುಗಿ ಅದೇ ತೆಲುಗಿನಲ್ಲಿ ಕೊಡಲು ಅವಳಿಗೂ ಬರುತ್ತಿತ್ತು, ಆದರೆ ಗಂಟು ಬಿಟ್ಟರೆ ಬೀಳುತ್ತಿತ್ತು. ಬಾದನಹಟ್ಟಿಗೆ ಬರುವಷ್ಟರಲ್ಲಿ ಹಿಂದೆ ಹನ್ನೊಂದು ಲಾರಿಗಳು, ಎಲ್ಲವೂ ಮೂವತ್ತರಲ್ಲಿ. ಹುಸೇನಬಾಷಾ ಕನ್ನಡಿಯಲ್ಲಿ ಅದನ್ನು ನೋಡಿ, ನಗಬೇಕೋ ಹೆದರಬೇಕೋ ತಿಳಿಯದೆ ಕೆಮ್ಮಿದ.

ಹತ್ತೂಮುಕ್ಕಾಲಿಗೆ ಕುರುಗೋಡಿನಲ್ಲಿ, ಗಂಟು ಇಳಿಸಿಕೊಂಡು ಹೆಂಗಸರಿಗೆ ಹಂಚುವ ಮೂಕಮ್ಮನ ಮನೆಯ ಮುಂದೆ ಗಾಡಿ ನಿಂತಿತು. ಹೆಂಗಸರು ಕಟ್ಟೆಯ ಮೇಲೆ ಕಾಯುತ್ತಿದ್ದರು. ಮೂಕಮ್ಮ ಗಂಟು ಎಣಿಸಿಕೊಂಡು, ನಾಡಿದ್ದು ತಯಾರಿರುತ್ತವೆ, ಇದೇ ಹೊತ್ತಿಗೆ ಬನ್ನಿ ಎಂದಳು. ಇರ್ಫಾನಾ ಸೆರಗು ಒದ್ದೆ ಮಾಡಿ ಎಂಜಿನ್ನಿಗೆ ತಾಗಿಸಿ ನೋಡಿದಳು. ಬಿಸಿ ಹದವಾಗಿತ್ತು.

"ಮನಿಗೂ ಮೂವತ್ತರಾಗ ಹೋಗೂಣು" ಎಂದಳು.

"ಮತ್ತ ಬೈತಾರಲ್ಲ."

"ಬೈಲಿ" ಎಂದು ಅವಳು ಹಿಂದೆ ಕೂತಳು.