ಮುಂದೇನು ಎಂಬ ಕಾಲಂ

ನನ್ನ ಕೈಬರಹ ಚೆನ್ನಾಗಿದೆ. ಜಂಬಕ್ಕೆ ಹೇಳುತ್ತಿಲ್ಲ, ನಾನು ಮಾಡಿದ ತಪ್ಪೆಲ್ಲ ಅಲ್ಲಿಂದಲೇ ಶುರುವಾಯಿತು. ದೊಡ್ಡಬಳ್ಳಾಪುರ ತಾಲ್ಲೂಕಿನ ಹೈಸ್ಕೂಲೊಂದಕ್ಕೆ ಸಮಾಜ ವಿಜ್ಞಾನದ ಟೀಚರಾಗಿ ಸೇರಿದ ವರ್ಷವೇ ಹೆಡ್‌ಮಾಸ್ಟರು ನನ್ನ ಅಕ್ಷರ ನೋಡಿ, ಹತ್ತನೇ ತರಗತಿಯ ಚಾರ್ಟ್ ಬರೆಯುವ ಕೆಲಸವನ್ನು ನನ್ನ ತಲೆಗೆ ಕಟ್ಟಿದರು.

ಪ್ರಿಪರೇಟರಿ ಪರೀಕ್ಷೆ ಮುಗಿದ ಮೇಲೆ ನೋಟಿಸ್ ಬೋರ್ಡಿಗೆ ಅಂಟಿಸುವ ದೊಡ್ಡ ಚಾರ್ಟ್ ಅದು. ಮೊದಲು ಮಗುವಿನ ಹೆಸರು, ಆಮೇಲೆ ಅಂಕ, ಕೊನೆಗೆ ‘ಮುಂದೇನು’ ಎಂಬ ಕಾಲಂ. ಅದನ್ನು ತುಂಬಿಸಲು ಮಕ್ಕಳನ್ನು ಕೇಳುವ ಪದ್ಧತಿಯೇ ಇರಲಿಲ್ಲ. ಎಂಬತ್ತೈದರ ಮೇಲೆ ಬಂದರೆ ಸೈನ್ಸ್, ಅರವತ್ತರ ಮೇಲೆ ಕಾಮರ್ಸ್. ಅದಕ್ಕಿಂತ ಕೆಳಗಿದ್ದರೆ ಹುಡುಗಿಗೆ ಆರ್ಟ್ಸ್, ಹುಡುಗನಿಗೆ ಐಟಿಐ. ನಾಲ್ಕಕ್ಕೆ ನಾಲ್ಕು ಬಣ್ಣದ ಸ್ಕೆಚ್ ಪೆನ್ನು. ಪೋಷಕರ ಸಭೆಗೆ ಬಂದವರು ಚಾರ್ಟಿನ ಫೋಟೋ ಹೊಡೆದುಕೊಂಡು ಹೋಗುತ್ತಿದ್ದರು. ಮೇಡಂ ಬರೆದಿದ್ದಾರೆ ಎಂದರೆ ಮುಗಿಯಿತು, ಮನೆಯಲ್ಲಿ ಮತ್ತೆ ಆ ಮಾತೇ ಇಲ್ಲ. ಎಷ್ಟೋ ವರ್ಷ ಹೀಗೇ ಬರೆದೆ. ಅಕ್ಷರ ಮುತ್ತಿನ ಹಾಗಿದೆ ಎಂದು ಯಾರಾದರೂ ಹೊಗಳಿದರೆ ಖುಷಿಯೂ ಪಟ್ಟೆ.

ಹೋದ ವರ್ಷ ಒಬ್ಬ ಹುಡುಗಿ ಸ್ಟಾಫ್ ರೂಮಿನ ಬಾಗಿಲಿಗೆ ಬಂದು ನಿಂತಳು. ಮಾಕಳಿದುರ್ಗದ ಬೆಟ್ಟದ ಕೆಳಗಿನ ಹಳ್ಳಿಯವಳು, ತರಗತಿಗೇ ಮೊದಲು.

“ಮೇಡಂ, ನನ್ನೆಸ್ರು ಮುಂದೆ ಸೈನ್ಸ್ ಅಂತ ಬರೀಬೇಡಿ. ನಾನು ಎಲೆಕ್ಟ್ರಿಕಲ್ ಡಿಪ್ಲೊಮಾಗೆ ಹೋಗ್ತೀನಿ.”

ನನಗೆ ಮೊದಲು ಬಂದಿದ್ದು ಸಿಟ್ಟು. ತೊಂಬತ್ತರ ಮೇಲೆ ಅಂಕ ತೆಗೆದುಕೊಂಡು ಪಾಲಿಟೆಕ್ನಿಕ್ಕಿಗೆ ಹೋಗುತ್ತೀಯಾ, ತಲೆ ಕೆಟ್ಟಿದೆಯಾ ಎಂದು ರೇಗಿದೆ. ಅವಳು ಜಗ್ಗಲಿಲ್ಲ. ತೋಟದ ಮೋಟರಿನ ಸ್ಟಾರ್ಟರ್ ಕೆಟ್ಟರೆ ಮೇನ್ ಆಫ್ ಮಾಡಿ, ಬಿಚ್ಚಿ, ರಿಪೇರಿ ಮಾಡುವುದು ತಾನೇ ಎಂದಳು. ಒಂದು ಫೇಸ್ ಹೋದರೆ ಮೋಟರು ಹೇಗೆ ಗುಂಯ್‌ಗುಡುತ್ತದೆ ಎಂದು ಬಾಯಲ್ಲೇ ಶಬ್ದ ಮಾಡಿ ತೋರಿಸಿದಳು. ನಗು ಬಂತು. ನಗುತ್ತಲೇ ನಾಚಿಕೆಯೂ ಆಯಿತು. ಅಷ್ಟು ವರ್ಷಗಳಲ್ಲಿ ಒಂದು ಮಗುವನ್ನೂ ‘ನಿನಗೇನು ಇಷ್ಟ’ ಎಂದು ಕೇಳಿರಲಿಲ್ಲ ನಾನು.

ಆ ಸಲ ಚಾರ್ಟ್ ಬರೆದೆ, ಕೊನೆಯ ಕಾಲಂ ಖಾಲಿ ಬಿಟ್ಟೆ. ಒಬ್ಬಳದ್ದಲ್ಲ, ಎಲ್ಲರದ್ದೂ. ಹೆಡ್‌ಮಾಸ್ಟರು ಚಾರ್ಟ್ ನೋಡಿ ಕೆಂಡವಾದರು.

“ಏನ್ ಮೇಡಂ ಇದು? ಸೈನ್ಸಿಗೆ ಎಷ್ಟು ಜನ ಅಂತ ಮೇಲಿನೋರು ಕೇಳಿದ್ರೆ ನಾನೇನ್ ಹೇಳ್ಲಿ?”

“ಓದೋದು ಮೇಲಿನೋರಾ ಸಾರ್?” ಎಂದೆ.

ಅವರೇ ಪೆನ್ನು ತೆಗೆದುಕೊಂಡು ಕಾಲಂ ತುಂಬಿಸಿ ಬೋರ್ಡಿಗೆ ಅಂಟಿಸಿದರು. ನಾನು ಎಲ್ಲರೂ ನೋಡುತ್ತಿದ್ದಂತೆ ಕಿತ್ತು, ಮಡಿಸಿ, ಬ್ಯಾಗಿಗೆ ಹಾಕಿಕೊಂಡೆ. ಮೆಮೊ ಬಂತು. ಉತ್ತರವನ್ನು ಒಳ್ಳೆಯ ಅಕ್ಷರದಲ್ಲೇ ಬರೆದುಕೊಟ್ಟೆ: ಇನ್ನು ಮುಂದೆ ಈ ಕಾಲಂ ನಾನು ತುಂಬಿಸುವುದಿಲ್ಲ.

ಫಲಿತಾಂಶ ಬಂದ ವಾರವೇ ಆ ಹುಡುಗಿಯ ಫೋನು. ಮನೆಯಲ್ಲಿ ಸೈನ್ಸೇ ಎಂದು ಹಟ ಹಿಡಿದಿದ್ದಾರೆ, ನಾಳಿದ್ದೇ ಕಾಲೇಜಿಗೆ ಸೇರಿಸುತ್ತಾರಂತೆ. ಭಾನುವಾರ ಬೆಳಿಗ್ಗೆಯೇ ಸ್ಕೂಟಿ ಹತ್ತಿದೆ. ಬ್ಯಾಗಿನಲ್ಲಿ ಪಾಲಿಟೆಕ್ನಿಕ್ ಫಾರಂ ಎರಡು ಪ್ರತಿ ಇಟ್ಟುಕೊಂಡಿದ್ದೆ. ಮಕ್ಕಳು ಒಂದನ್ನಂತೂ ಕೆಡಿಸಿಯೇ ಕೆಡಿಸುತ್ತಾರೆ.

ಅವಳ ಅಪ್ಪ ತೀರಿಕೊಂಡು ಬಹಳ ವರ್ಷವಾಗಿತ್ತು. ಅಲ್ಲಿಂದೀಚೆಗೆ ಆ ಮನೆಯ ಎಲ್ಲ ಕಾಗದಕ್ಕೂ ದೊಡ್ಡಪ್ಪನದೇ ಸಹಿ. ಅವರು ಒರಟರೇನಲ್ಲ. ಕುರ್ಚಿ ಹಾಕಿಸಿದರು, ಮಜ್ಜಿಗೆ ಕೊಡಿಸಿದರು, ನನ್ನ ಮಾತು ಪೂರ್ತಿ ಕೇಳಿಸಿಕೊಂಡರು.

“ಹೆಣ್ಮಕ್ಳು ಕರೆಂಟ್ ಕೆಲ್ಸ ಮಾಡೋದು ಎಲ್ಲಾದ್ರೂ ಐತಾ ಮೇಡಂ?”

“ನಿಮ್ಮ ತೋಟದಲ್ಲೇ ಐತಲ್ಲ. ನಿಮ್ಮ ಮೋಟರ್ ರಿಪೇರಿ ಮಾಡೋದು ಯಾರು?”

ಗೆದ್ದೆ ಅಂದುಕೊಂಡೆ. ಅವರು ಮೊಬೈಲ್ ತೆಗೆದು, ಹುಡುಕಿ, ನನ್ನ ಕೈಗೆ ಕೊಟ್ಟರು. ನನ್ನದೇ ಚಾರ್ಟು, ಐದು ವರ್ಷದ ಹಿಂದಿನದು. ಅವರ ಬೆರಳು ಒಂದು ಹೆಸರಿನ ಮೇಲೆ ನಿಂತಿತ್ತು. ಅದರ ಮುಂದೆ ಹಸಿರು ಬಣ್ಣದಲ್ಲಿ, ದುಂಡಗೆ, ಆರ್ಟ್ಸ್.

“ಇವಳ ಅಕ್ಕಂದು. ನೀವ್ ಆರ್ಟ್ಸ್ ಅಂತ ಬರೆದ್ರಿ, ನಾವ್ ಸೇರಿಸಿದ್ವಿ. ಬೇಡ ಅಂತ ಅವಳು ಎರಡು ದಿನ ಊಟ ಬಿಟ್ಲು. ಮೇಡಮ್ಗಿಂತ ನಿಂಗೆ ಜಾಸ್ತಿ ಗೊತ್ತಾ ಅಂತ ನಾನೇ ಬೈದೆ. ಈಗ ನಿಮ್ ಸ್ಕೂಲ್ ಲೆಕ್ಕದಲ್ಲೇ ಇವಳಿಗೆ ಸೈನ್ಸ್ ಬರ್ತದೆ, ನೀವೇ ಬಂದು ಬೇಡ ಅಂತೀರ. ಯಾವುದನ್ನ ನಂಬೋಣ ಹೇಳಿ?”

ಮೊಬೈಲ್ ಹಿಂದಕ್ಕೆ ಕೊಟ್ಟೆ. ಅಡುಗೆಮನೆಯ ಬಾಗಿಲಲ್ಲಿ ತಾಯಿಯ ಪಕ್ಕ ನಿಂತಿದ್ದವಳೇ ಆ ಅಕ್ಕ. ಪಿಯುಸಿ ಮುಗಿಸಿ ಓದು ಬಿಟ್ಟು ಗಾರ್ಮೆಂಟ್ಸಿಗೆ ಹೋಗುತ್ತಿದ್ದಳು. ಅವಳ ಮುಖ ನನಗೆ ನೆನಪೇ ಇರಲಿಲ್ಲ.

“ನಾನೂ ನಿಮ್ಮತ್ರ ಬಂದಿದ್ದೆ ಮೇಡಂ” ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಕಷ್ಟವಾಯಿತು. “ಕಂಪ್ಯೂಟರ್ ಡಿಪ್ಲೊಮಾ ಅಂತ ಬರೀರಿ ಅಂದೆ. ಬರೆದಾಗಿದೆ ಕಣಮ್ಮ, ತಿದ್ದಿದ್ರೆ ಚಾರ್ಟ್ ಗಲೀಜಾಗುತ್ತೆ ಅಂದ್ರಿ.”

ಹೌದು, ಅಂದಿದ್ದೆ. ಅಂದಿರಲೇಬೇಕು. ಅದು ನಾನು ಆಡುವಂಥದೇ ಮಾತು.

ಹೆಡ್‌ಮಾಸ್ಟರ ಮೇಲೆ ಹಾಕಿ ಜಾರಿಕೊಳ್ಳಬಹುದಿತ್ತು. ಆದರೆ ಅಕ್ಷರ ನನ್ನದು. ಕುರ್ಚಿಯಿಂದ ಎದ್ದು ನಿಂತೆ.

“ಯಜಮಾನ್ರೇ, ಆವತ್ತು ನಾನು ಬರೆದಿದ್ದು ತಪ್ಪು. ಇವಳನ್ನ ಒಂದು ಮಾತು ಕೇಳದೆ ಬರೆದೆ. ನೀವು ನಂಬಿದ್ದು ನಿಮ್ಮ ತಪ್ಪಲ್ಲ. ಆದ್ರೆ ಅದೇ ತಪ್ಪನ್ನ ಇನ್ನೊಂದು ಸಲ ಮಾಡೋಕೆ ನಾನು ಬಿಡಲ್ಲ. ನೀವು ಪಾಲಿಟೆಕ್ನಿಕ್ ಫಾರಂಗೆ ಸೈನ್ ಹಾಕೋವರೆಗೂ ಇಲ್ಲಿಂದ ಏಳಲ್ಲ.” ಹಾಗೆಂದು ಮತ್ತೆ ಕೂತೆ.

“ನಾನ್ ಹಾಕಲ್ಲ” ಎಂದರು ಅವರು.

ಅಷ್ಟು ಹೊತ್ತೂ ಬಾಗಿಲಲ್ಲೇ ನಿಂತಿದ್ದ ತಾಯಿ ಸೆರಗಿಗೆ ಕೈ ಒರೆಸಿಕೊಂಡು ಬಂದರು.

“ತಾಯಿ ಸೈನ್ ನಡೀತದಾ ಮೇಡಂ?”

“ನಡೀತದೆ. ಚೆನ್ನಾಗಿ ನಡೀತದೆ.”

ಹುಡುಗಿ ನೆಲದ ಮೇಲೆ ಕೂತು ಫಾರಂ ತುಂಬಿಸಿದಳು. ತಾಯಿ ಒಂದೊಂದೇ ಅಕ್ಷರ ಕೂಡಿಸಿ ಸಹಿ ಹಾಕಿದರು. ದೊಡ್ಡಪ್ಪ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡರು, ಆದರೆ ಎದ್ದು ಹೋಗಲಿಲ್ಲ.

“ಇನ್ನೊಂದು ಫಾರಂ ಐತಾ ಮೇಡಂ?” ಕೇಳಿದ್ದು ಅಕ್ಕ.

“ಅವಳದು ಸರಿಯಾಗೇ ಇದ್ಯಲ್ಲಮ್ಮ?”

“ನಂಗೆ. ಹತ್ತನೇ ಕ್ಲಾಸ್ ಪಾಸಾಗಿದ್ರೆ ಸಾಕಲ್ವಾ?”

“ನಿಂಗ್ಯಾಕೆ ಈಗ ಅದು?” ಎಂದರು ದೊಡ್ಡಪ್ಪ. ಅವಳು ಅವರ ಕಡೆ ತಿರುಗಲೇ ಇಲ್ಲ, ನನ್ನ ಕಡೆ ಕೈ ಚಾಚಿಯೇ ನಿಂತಳು. ಬ್ಯಾಗಿನಿಂದ ಎರಡನೇ ಪ್ರತಿ ತೆಗೆದು ಕೊಟ್ಟೆ.

ತಂಗಿಯ ಪಕ್ಕದಲ್ಲಿ ಕೂತು ಬರೆಯತೊಡಗಿದಳು. ನಾನು ಕೈಕಟ್ಟಿಕೊಂಡು ನೋಡುತ್ತಿದ್ದೆ. ಮೂರನೇ ಸಾಲಿನಲ್ಲಿ ಏನೋ ತಪ್ಪಾಯಿತು. ಅಡ್ಡಗೆರೆ ಎಳೆದು, ಪಕ್ಕದಲ್ಲೇ ಒತ್ತಿ ಬರೆದಳು. ಆಮೇಲೆ ತಲೆಯೆತ್ತಿ ನನ್ನನ್ನೇ ನೋಡಿದಳು.

“ಗಲೀಜಾಯ್ತು ಮೇಡಂ.”

“ಆಗ್ಲಿ, ಬರಿ” ಎಂದೆ.